ಆರಿಸಿದ ಬಟಾಣಿ

ಕ್ಷಮೆ ಕೇಳಲು ಹೋಗುವಾಗ ಒಯ್ಯುವ ಸಿಹಿಯ ಡಬ್ಬ ಭಾರವಾಗಿರಬೇಕು ಎಂಬುದು ಮೊರಿತಾಸಾನ್ ಅವರ ಮತ. ಹಗುರವಾದ ಡಬ್ಬ ಕೊಟ್ಟರೆ ತಪ್ಪನ್ನೂ ಹಗುರವಾಗಿ ತೆಗೆದುಕೊಂಡ ಹಾಗಾಗುತ್ತದೆ. ಸಾಮಾನ್ಯವಾಗಿ ಇಂಥ ಭೇಟಿಗೆ ಜನ ಕೆಂಪು ಕಾಳಿನ ಹೂರಣವನ್ನು ಇಟ್ಟಿಗೆಯಂತೆ ಗಟ್ಟಿ ಮಾಡಿದ ಯೋಕಾನ್ ಎಂಬ ಮಿಠಾಯಿ ಒಯ್ಯುತ್ತಾರೆ. ಆದರೆ ಇವತ್ತು ಕ್ಷಮೆ ಕೇಳಬೇಕಾಗಿದ್ದ ಎಗಾಶಿರಾಸಾನ್ ಅವರದ್ದೇ ಹೂರಣದ ಕಾರ್ಖಾನೆ. ಮೂರು ತಲೆಮಾರಿನಿಂದ ಜಪಾನಿನ ಫುಕುವೋಕಾ ಊರಿನ ಮಿಠಾಯಿ ಅಂಗಡಿಗಳಿಗೆ ಹೂರಣ ಅರೆದು ಕೊಡುವ ಮನೆತನ. ಅವರ ಮುಂದೆ ಇನ್ಯಾರೋ ಅರೆದ ಹೂರಣ ಇಡುವುದೆಂದರೆ ಹಳೆಯ ತಪ್ಪಿನ ಮೇಲೆ ಹೊಸ ತಪ್ಪು. ಅಕ್ಕಿಯ ಬಿಸ್ಕತ್ತು ಒಯ್ಯೋಣವೆಂದರೆ ಅದು ಮುರಿಯುತ್ತದೆ, ಮುರಿಯುವ ಪದಾರ್ಥ ಸಂಬಂಧಕ್ಕೆ ಒಳ್ಳೆಯದಲ್ಲ. ಕೇಕು ಹಗುರ. ಊರಿನ ಹಕಾತಾ ಸ್ಟೇಷನ್ನಿನ ಅಂಗಡಿ ಸಾಲಿನಲ್ಲಿ ಎರಡು ಸುತ್ತು ಹಾಕಿದ ಮೇಲೆ ಹಣ್ಣಿನ ಜೆಲ್ಲಿ ಎಂದು ತೀರ್ಮಾನವಾಯಿತು. ಮೊರಿತಾಸಾನ್ ಡಬ್ಬವನ್ನು ಎರಡೂ ಕೈಯಲ್ಲಿ ತೂಗಿ ನೋಡಿ, ಸಮಾಧಾನಗೊಂಡು, ಶ್ರೀನಾಥನ ಕೈಗಿತ್ತರು. "ಶ್ರೀಸಾನ್, ಇದು ಸರಿಯಾಗಿದೆ" ಎಂದರು. ಹನ್ನೊಂದು ವರ್ಷಗಳಿಂದ ಅವರು ಅವನನ್ನು ಕರೆಯುವುದು ಹೀಗೆಯೇ. ಶ್ರೀ ಎಂದರೂ ಮರ್ಯಾದೆ, ಸಾನ್ ಎಂದರೂ ಮರ್ಯಾದೆ, ನಡುವೆ ಇರಬೇಕಾದ ಮನುಷ್ಯ ಮಾತ್ರ ನಾಪತ್ತೆ ಎಂದು ಶ್ರೀನಾಥನಿಗೆ ಮೊದಮೊದಲು ನಗು ಬರುತ್ತಿತ್ತು. ಇವತ್ತು ಬರಲಿಲ್ಲ.

ಕಂಬಕ್ಕೊರಗಿ ನಿಂತಿದ್ದ ಡ್ಯಾರಲ್ ಡಬ್ಬವನ್ನು ನೋಡಿ, "ಇದನ್ನ ನಾನು ಹಿಡ್ಕೋಬೇಕಾ?" ಎಂದು ಕೇಳಿದ. ಆರೂವರೆ ಅಡಿಯ ಆಳು, ಅರವತ್ತರ ಹತ್ತಿರ ವಯಸ್ಸು. ಯಾರದೋ ಮದುವೆಗೆ ಹೊಲಿಸಿದಂತಿದ್ದ ಕೋಟಿನ ಗುಂಡಿಗಳು ಈಗ ಹೊಟ್ಟೆಯ ಮೇಲೆ ಕಾಜಗಳಿಗೆ ಎಟುಕುತ್ತಿರಲಿಲ್ಲ. ಕೆನಡಾದ ಪ್ರೇರಿ ಬಯಲಿನಲ್ಲಿ, ಸಸ್ಕ್ಯಾಚವಾನ್ ಎಂಬ ಪ್ರಾಂತ್ಯದಲ್ಲಿ, ಅವನೂ ಇನ್ನು ಏಳು ಮನೆಯವರೂ ಸೇರಿ ಒಂದು ಗುಂಪು ಕಟ್ಟಿಕೊಂಡಿದ್ದರು. ಬೆಳೆದದ್ದನ್ನು ರೈಲು ಹಳಿಯ ಪಕ್ಕದ ದೊಡ್ಡ ಕಂಪನಿಗಳ ಉಗ್ರಾಣಕ್ಕೆ ಸುರಿದು ಅವರು ಹೇಳಿದ ಬೆಲೆಗೆ ತಲೆಯಾಡಿಸಿ ಬರುವ ಬದಲು, ತಾವೇ ಕಂಟೇನರಿಗೆ ತುಂಬಿ, ಬೆಟ್ಟ ದಾಟಿಸಿ ವ್ಯಾಂಕೂವರಿಗೆ, ಅಲ್ಲಿಂದ ಸಮುದ್ರ ದಾಟಿಸಿ ಹಕಾತಾ ಬಂದರಿಗೆ ಕಳಿಸುತ್ತಿದ್ದರು. ಈ ಕಡೆಯಲ್ಲಿ ಕೊಳ್ಳುವವರನ್ನು ಹುಡುಕಿ ಕೊಡುವುದು ಮೊರಿತಾಸಾನ್ ಅವರ ನಾಲ್ಕೇ ಜನರ ಕಂಪನಿ. ಗುಣಮಟ್ಟ, ಕಾಗದಪತ್ರ, ದುಭಾಷಿಯ ಕೆಲಸ ಮೂರೂ ಶ್ರೀನಾಥನದು. ಕ್ಯೋಟೋದಲ್ಲಿ ಕಾಳುಗಳ ಪಿಷ್ಟದ ಮೇಲೆ ಡಾಕ್ಟರೇಟ್ ಮಾಡಿದವನು ಕೊನೆಗೆ ಕಾಳಿನ ಚೀಲ ಹೊರುವ ಕೆಲಸಕ್ಕೆ ಬಂದ ಎಂದು ಅವನೇ ತಮಾಷೆ ಮಾಡುತ್ತಿದ್ದ. ನಲವತ್ತೆಂಟಾಗಿತ್ತು. ಈ ಊರಿನಲ್ಲಿ ಈ ವಯಸ್ಸಿನವನಿಗೆ ಇನ್ನೊಂದು ಕೆಲಸ ಕಾದು ಕೂತಿರಲಿಲ್ಲ.

ಈ ವ್ಯಾಪಾರ ನಿಂತಿರುವುದೇ ಒಂದು ಪುಟ್ಟ ಚೀಲದ ಮೇಲೆ. ಸುಗ್ಗಿ ಮುಗಿದ ಮೇಲೆ ಡ್ಯಾರಲ್‌ನ ಗುಂಪಿನವರು ಮಾದರಿ ಬಟಾಣಿಯ ಒಂದು ಚೀಲವನ್ನು ಕೊರಿಯರಿನಲ್ಲಿ ಕಳಿಸುತ್ತಾರೆ. ಶ್ರೀನಾಥ ಅದನ್ನು ಎರಡು ಭಾಗ ಮಾಡಿ, ಒಂದನ್ನು ಎಗಾಶಿರಾಸಾನ್ ಅವರಿಗೆ ಕೊಟ್ಟು ಇನ್ನೊಂದನ್ನು ತಮ್ಮಲ್ಲಿಡುತ್ತಾನೆ. ಅವರು ನೋಡಿ ಹ್ಞೂಂ ಎಂದರೆ ಅಲ್ಲಿ ಕಂಟೇನರು ಹೊರಡುತ್ತದೆ. ಬಂದ ಸರಕು ಮಾದರಿಯ ಹಾಗೆಯೇ ಇರಬೇಕು, ಅಷ್ಟೇ ಮಾತು. ವಸಂತದಲ್ಲಿ ಇಲ್ಲಿನ ಜನ ತಿನ್ನುವ ಎಳೆಹಸಿರು ಮಿಠಾಯಿಗೆ ಬೇಕಾದ ಹಸಿರು ಬಟಾಣಿ ಅದು; ಬಣ್ಣವೇ ಅದರ ಪ್ರಾಣ. ಈ ಸಲ ಬಂದ ಸರಕಿನಲ್ಲಿ ಬಿಸಿಲು ಮಳೆಗೆ ಬಿಳಿಚಿದ ಕಾಳು, ಒಡೆದ ಹೋಳು, ಎಲ್ಲ ವರ್ಷ ಇರುವಷ್ಟೇ ಇದ್ದವು. ಮಾದರಿಯಲ್ಲಿ ಮಾತ್ರ ಒಂದೂ ಇರಲಿಲ್ಲ. ಎಗಾಶಿರಾಸಾನ್ ಎರಡನ್ನೂ ಕರಿಯ ತಟ್ಟೆಯಲ್ಲಿ ಅಕ್ಕಪಕ್ಕ ಸುರಿದು ಫೋಟೋ ಕಳಿಸಿದ್ದರು. ಮೋಸ ಎಂದು ಬರೆದಿರಲಿಲ್ಲ. 'ಸ್ವಲ್ಪ ಚಿಂತೆಯಾಗಿದೆ' ಎಂದು ಬರೆದಿದ್ದರು. ಅದನ್ನು ಓದಿ ಮೊರಿತಾಸಾನ್ ಮಧ್ಯಾಹ್ನದ ಊಟ ಬಿಟ್ಟರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಶ್ರೀನಾಥ ತನ್ನ ಬೆರಳುಗಳನ್ನು ನೋಡಿಕೊಂಡ.

ಯಾಕೆಂದರೆ ಆ ಚೀಲ ಬಂದದ್ದು ರಜೆಯ ಹಿಂದಿನ ಸಂಜೆ, ಆಫೀಸು ಮುಚ್ಚುವ ಹೊತ್ತಿಗೆ. ಮನೆಗೆ ತಂದು ಊಟದ ಮೇಜಿನ ಮೇಲೆ ಪೇಪರು ಹಾಸಿ ಸುರಿದುಕೊಂಡಿದ್ದ. ಎರಡು ಪಾಲು ಮಾಡುವುದಕ್ಕೆ ಎಷ್ಟು ಹೊತ್ತು ಬೇಕು? ಆದರೆ ಅದೇ ಹೊತ್ತಿಗೆ ಫುಕುವೋಕಾದ ಕನ್ನಡಿಗರ ಆನ್‌ಲೈನ್ ಸಭೆ ಶುರುವಾಗಿತ್ತು. ರಾಜ್ಯೋತ್ಸವದ ಊಟಕ್ಕೆ ಬಿಸಿಬೇಳೆ ಬಾತೋ ಪುಳಿಯೋಗರೆಯೋ ಎಂಬ ವಿಷಯ. ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುವ ಅಶ್ವತ್ಥ ಎಂಬ ಹುಡುಗ ಪುಳಿಯೋಗರೆಯ ಪರವಾಗಿ ಮಾತು ನಿಲ್ಲಿಸಲೇ ಇಲ್ಲ. ಶ್ರೀನಾಥ ಕೇಳುತ್ತ ಕೂತ. ಕಿವಿ ಸಭೆಯಲ್ಲಿತ್ತು, ಕಣ್ಣು ಪರದೆಯ ಮೇಲಿತ್ತು, ಕೈಗೆ ಕೆಲಸವಿರಲಿಲ್ಲ, ಮುಂದೆ ಕಾಳಿತ್ತು. ಮುಂದೆ ಕಾಳು ಹರಡಿಕೊಂಡು ಆರಿಸದೆ ಕೂರುವುದು ಅವನ ವಂಶದಲ್ಲಿ ಯಾರಿಗೂ ಬರುವುದಿಲ್ಲ. ಪುಳಿಯೋಗರೆ ಗೆಲ್ಲುವಷ್ಟರಲ್ಲಿ ಪೇಪರಿನ ಅಂಚಿನಲ್ಲಿ ಬಿಳಿಚಿದ್ದು, ಒಡೆದದ್ದು, ಸುಕ್ಕಿದ್ದು ಒಂದು ಪುಟ್ಟ ಗುಡ್ಡೆಯಾಗಿತ್ತು. ಅದನ್ನು ಕಸಕ್ಕೆ ಹಾಕಿ, ಉಳಿದದ್ದನ್ನು ಎರಡು ಪಾಲು ಮಾಡಿ, ಚೀಲ ಕಟ್ಟಿದ. ಕೈ ಮಾಡಿದ್ದು, ತಾನಲ್ಲ ಎಂದು ಎಷ್ಟೋ ಸಲ ಹೇಳಿಕೊಂಡಿದ್ದಾನೆ. ಆದರೆ ಚೀಲ ಕಟ್ಟುವ ಮುಂಚೆ ಒಂದು ಕ್ಷಣ ನಿಂತು, ಎಷ್ಟು ಲಕ್ಷಣವಾಗಿವೆ ಎಂದು ಆ ಕಾಳುಗಳನ್ನು ನೋಡಿ ಸಂತೋಷಪಟ್ಟದ್ದು ನೆನಪಿತ್ತು. ಸಂತೋಷಪಟ್ಟದ್ದು ಕೈಯಲ್ಲ.

ಬೆಳಿಗ್ಗೆ ಟೈ ಕಟ್ಟಿಕೊಳ್ಳುತ್ತ ಹೆಂಡತಿಗೆ ಹೇಳಿದ್ದ. ವೇದವಲ್ಲಿ ದೋಸೆ ಮಗುಚುತ್ತಿದ್ದವಳು ತಿರುಗಿ ನೋಡಿದಳು. "ಅಷ್ಟೇನಾ? ನಾನೇನೋ ಅಂದ್ಕೊಂಡೆ. ಕಾಳು ಆರಿಸಿದ್ದು ತಪ್ಪಾ? ಆರಿಸ್ದೇ ಇರೋ ಕಾಳನ್ನ ಯಾರಾದ್ರೂ ಇನ್ನೊಬ್ರ ಕೈಗೆ ಕೊಡ್ತಾರೇನ್ರೀ?"

"ಅದು ಸ್ಯಾಂಪಲ್ಲು ವೇದಾ. ಹೇಗಿದೆಯೋ ಹಾಗೇ ಕೊಡ್ಬೇಕು."

"ಸರಿ, ಹಾಗಾದ್ರೆ ಹೇಳ್ಬಿಡಿ. ಮೂರು ವಾರದಿಂದ ನಿದ್ದೇಲಿ ಹಲ್ಲು ಕಡೀತಿದೀರ."

ಮಗಳು ನಿಧಿ ಫೋನಿನಿಂದ ತಲೆಯೆತ್ತದೆ, "ಅಪ್ಪಾ, ಜಸ್ಟ್ ಸೇ ಸಾರಿ. ಇಲ್ಲಿ ಎವ್ರಿಬಡಿ ಸಾರಿ ಹೇಳ್ತಾರೆ, ನೋಬಡಿ ಕೇರ್ಸ್" ಎಂದಳು. ಹದಿನಾಲ್ಕು ವರ್ಷದ ಹುಡುಗಿ, ಹುಟ್ಟಿದ್ದು ಇಲ್ಲಿಯೇ. ಅವಳು ಹೇಳಿದ್ದು ಎಷ್ಟು ನಿಜವೆಂದು ಶ್ರೀನಾಥನಿಗೆ ಆಗ ಹೊಳೆದಿರಲಿಲ್ಲ. ನಿನ್ನೆ ವಿಮಾನ ನಿಲ್ದಾಣದಿಂದ ಹೋಟೆಲಿಗೆ ಬರುವಾಗ ಡ್ಯಾರಲ್‌ಗೆ ಅವನೇ ಹೆಚ್ಚುಕಡಿಮೆ ಇದೇ ಪಾಠ ಹೇಳಿದ್ದ. "ಕಾರಣ ಹೇಳೋಕೆ ಹೋಗ್ಬೇಡಿ. ಇಲ್ಲಿ ಕಾರಣ ಹೇಳಿದರೆ ನೆಪ ಹೇಳಿದ ಹಾಗೆ. ತಪ್ಪೆಲ್ಲ ನನ್ನದು ಅನ್ನಿ, ಚೆನ್ನಾಗಿ ಬಗ್ಗಿ. ಎಲ್ಲರೂ ಹಾಗೇ ಹೇಳ್ತಾರೆ. ನಾನೂ ಹೇಳ್ತೀನಿ, ಮೊರಿತಾಸಾನೂ ಹೇಳ್ತಾರೆ. ಅದು ಒಂದು ಪದ್ಧತಿ, ನಿಜ ಅಂತ ಯಾರೂ ತಗೊಳ್ಳೋದಿಲ್ಲ." ಡ್ಯಾರಲ್ ಗಲ್ಲ ಕೆರೆದುಕೊಳ್ಳುತ್ತ ಕೇಳಿಸಿಕೊಂಡಿದ್ದ.

ಟ್ಯಾಕ್ಸಿ ಊರು ದಾಟಿ ಗದ್ದೆಗಳ ನಡುವೆ ಹೊರಟಿತು. ಮುಂದಿನ ಸೀಟಿನಲ್ಲಿ ಮೊರಿತಾಸಾನ್ ನೆಟ್ಟಗೆ ಕೂತಿದ್ದರು. ಹಿಂದೆ ಡ್ಯಾರಲ್‌ನ ಮೊಣಕಾಲು ಮುಂದಿನ ಸೀಟಿಗೆ ಒತ್ತಿಕೊಂಡಿತ್ತು. ಅವನು ಕಿಟಕಿಯ ಕಡೆ ನೋಡುತ್ತಲೇ ಮಾತಾಡಿದ. "ನಮ್ಮ ಹತ್ರ ಉಳಿಸ್ಕೊಂಡಿದ್ದ ಮಾದರಿ ತೆಗೆದು ನೋಡಿದೆ, ಶ್ರೀ. ಅದು ಸರಕಿನ ಹಾಗೇ ಇದೆ. ಅಂದ್ರೆ ನಿಮಗೆ ಕಳಿಸಿದ ಚೀಲ ಒಂದೇ ಬೇರೆ. ಚೀಲ ಕಟ್ಟೋದು ಲೋರ್ನಾ." ಲೋರ್ನಾ ಅವನ ತಂಗಿ, ಗುಂಪು ಶುರುವಾದಾಗಿನಿಂದ ಎಂಟು ಮನೆಯ ಕಣಜಗಳಿಂದಲೂ ಮಾದರಿ ತೆಗೆಯುತ್ತಿದ್ದವಳು ಅವಳೇ ಎಂದು ಶ್ರೀನಾಥನಿಗೆ ಗೊತ್ತಿತ್ತು. ಪ್ರತಿ ಚೀಲದಲ್ಲೂ ಅವಳ ಕೈಬರಹದ ಚೀಟಿ ಇರುತ್ತಿತ್ತು. "ಕೇಳ್ದೆ ಅವಳನ್ನ. ಚೆನ್ನಾಗಿ ಕಾಣ್ಲಿ ಅಂತ ಒಳ್ಳೇದನ್ನ ಮಾತ್ರ ತೆಗೆದ್ಯಾ ಅಂತ. ಎಲ್ಲರ ಮುಂದೇನೇ ಕೇಳ್ದೆ, ಮೀಟಿಂಗಲ್ಲಿ, ಯಾಕಂದ್ರೆ ಎಲ್ಲರ ಬಟಾಣಿ ಅದು. ಅವಳು ಏನೂ ಹೇಳ್ಲಿಲ್ಲ. ಕಣಜಗಳ ಬೀಗದ ಕೈ ಮೇಜಿನ ಮೇಲಿಟ್ಟು ಹೋದ್ಲು. ಅಮ್ಮನ ಹುಟ್ಟುಹಬ್ಬಕ್ಕೂ ಬರ್ಲಿಲ್ಲ." ಕಿಟಕಿಯ ಗಾಜಿಗೇ ಹೇಳುವಂತೆ, "ಮಾಡಿರ್ತಾಳೆ, ಇನ್ಯಾರು ಮಾಡ್ತಾರೆ" ಎಂದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಶ್ರೀನಾಥನಿಗೆ ನೆನಪಾಯಿತು, ಅದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದು ಎಂದು ಮನಸ್ಸು ತನ್ನಷ್ಟಕ್ಕೆ ಹುಡುಕತೊಡಗಿತು, ಹನ್ನೊಂದು ವರ್ಷದ ದುಭಾಷಿಯ ಚಾಳಿ. ಬಾಯಿ ತೆರೆಯಲು ಇದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ. ಗಂಟಲು ಸರಿಮಾಡಿಕೊಂಡು, "ಇನ್ನೇನು ಬಂತು, ಆ ಚಿಮಣಿ ಕಾಣ್ತಿದೆಯಲ್ಲ, ಅದೇ ಕಾರ್ಖಾನೆ" ಎಂದ. ತನ್ನ ಬಗ್ಗೆ ಅವನಿಗೆ ಅಸಹ್ಯವಾಯಿತು.

ಬಾಗಿಲಲ್ಲಿ ಬೂಟು ಬಿಚ್ಚಿ ಚಪ್ಪಲಿ ಹಾಕಿಕೊಳ್ಳಬೇಕಾಗಿತ್ತು. ಅಲ್ಲಿದ್ದ ಅತಿ ದೊಡ್ಡ ಚಪ್ಪಲಿಯೂ ಡ್ಯಾರಲ್‌ನ ಪಾದದ ಅರ್ಧಕ್ಕೆ ಮುಗಿದುಹೋಯಿತು. ಹಿಮ್ಮಡಿ ನೆಲಕ್ಕೆ ತಾಗಿಸಿಕೊಂಡೇ ಅವನು ಜಾರುತ್ತ ನಡೆದ. ಬಟಾಣಿ ಬೇಯುವ ವಾಸನೆ ಗೋಡೆಗಳಿಗೂ ಹತ್ತಿತ್ತು. ಎಗಾಶಿರಾಸಾನ್ ಎಪ್ಪತ್ತು ದಾಟಿದ ಸಣಕಲು ಮನುಷ್ಯ, ಕೆಲಸದ ಬಿಳಿ ಟೊಪ್ಪಿಯಲ್ಲಿಯೇ ಬಂದು ಕೂತರು. ಮೇಜಿನ ಮೇಲೆ ಅದೇ ಕರಿಯ ತಟ್ಟೆಗಳು, ಅದೇ ಎರಡು ರಾಶಿ. ಮೊರಿತಾಸಾನ್ ಎದ್ದು ಬಗ್ಗಿದರು, ಶ್ರೀನಾಥ ಬಗ್ಗಿದ, ಡ್ಯಾರಲ್ ಒಂದು ಗಳಿಗೆ ತಡವಾಗಿ, ಆದರೆ ಎಲ್ಲರಿಗಿಂತ ಆಳವಾಗಿ ಬಗ್ಗಿದ. ಹೇಳಿಕೊಟ್ಟಂತೆಯೇ ಹೇಳಿದ. ತಪ್ಪು ತನ್ನದು, ತನ್ನ ಮನೆಯವರದು, ಮುಂದೆ ಹೀಗಾಗದು. ಶ್ರೀನಾಥ ಅದನ್ನು ಜಪಾನಿಯಲ್ಲಿ ಹೇಳುವಾಗ 'ಮನೆಯವರದು' ಎಂಬ ಮಾತು ಬಾಯಿಯಲ್ಲಿ ಕಲ್ಲಿನ ಹಾಗೆ ಸಿಕ್ಕಿತು. ಎಗಾಶಿರಾಸಾನ್ ಚಹಾದ ಬಟ್ಟಲನ್ನು ನೋಡುತ್ತ ಕೂತರು. ಈ ಮೌನದ ಕೊನೆಗೆ ಅವರು 'ಈ ವರ್ಷ ನಮಗೂ ಕಷ್ಟ' ಎಂಬಂಥ ಏನನ್ನಾದರೂ ಹೇಳಿದರೆ ಎಂಟು ಮನೆಯವರು ಮತ್ತೆ ರೈಲು ಹಳಿಯ ಪಕ್ಕದ ಉಗ್ರಾಣಕ್ಕೆ ಹೋಗಬೇಕಾಗುತ್ತದೆ ಎಂದು ಶ್ರೀನಾಥನಿಗೆ ಗೊತ್ತಿತ್ತು. ಯಾರೂ ಹೇಳದ ಮಾತನ್ನು ಅನುವಾದಿಸುವವನ ಹಾಗೆ, ನೆಲ ನೋಡುತ್ತ, ಅವನು ಜಪಾನಿಯಲ್ಲಿ ಹೇಳಿದ: "ತಪ್ಪು ಇವರದಲ್ಲ. ಮಾದರಿಯ ಚೀಲವನ್ನು ನಾನು ಮನೆಯಲ್ಲಿ ಬಿಚ್ಚಿದೆ. ಕೆಟ್ಟ ಕಾಳುಗಳನ್ನು ನಾನೇ ಆರಿಸಿ ತೆಗೆದೆ."

ಹೇಳಿಬಿಟ್ಟ. ಎದೆ ಹಗುರಾಯಿತು. ಮೊರಿತಾಸಾನ್ ತಟ್ಟನೆ ಅವನಿಗಿಂತ ಕೆಳಗೆ ಬಗ್ಗಿದರು. "ಇಲ್ಲ, ಶ್ರೀಸಾನ್ ಅವರ ಮೇಲ್ವಿಚಾರಣೆ ನನ್ನ ಕೆಲಸ. ತಪ್ಪು ಪೂರ್ತಿಯಾಗಿ ನನ್ನದು." ಎಗಾಶಿರಾಸಾನ್ ಬಟ್ಟಲು ಕೆಳಗಿಟ್ಟು ಟೊಪ್ಪಿ ತೆಗೆದರು. "ಸರಕು ಇಳಿಸುವ ದಿನ ನಾನೇ ಬಂದರಿಗೆ ಬಂದು ನೋಡಬೇಕಿತ್ತು. ನನ್ನದೂ ಬೇಜವಾಬ್ದಾರಿ" ಎಂದು ಅವರೂ ಬಗ್ಗಿದರು. ತಪ್ಪು ಮೇಜಿನ ಸುತ್ತ ಒಂದು ಸುತ್ತು ಬಂದು ಯಾರ ಮುಂದೆಯೂ ನಿಲ್ಲದೆ ಮಾಯವಾಯಿತು. ಎಗಾಶಿರಾಸಾನ್ ಶ್ರೀನಾಥನ ಕಡೆ ಮೃದುವಾಗಿ ನೋಡುತ್ತಿದ್ದರು. "ರೈತನನ್ನು ಉಳಿಸಲು ಅಷ್ಟು ವಿವರವಾಗಿ ತಪ್ಪನ್ನು ಮೈಮೇಲೆ ಹಾಕಿಕೊಂಡಿರಿ. ಈಗಿನ ಕಾಲದಲ್ಲಿ ನಮ್ಮವರೇ ಹೀಗೆ ಮಾಡುವುದಿಲ್ಲ. ಮುಂದಿನ ವರ್ಷವೂ ಇವರ ಬಟಾಣಿಯೇ ಬರಲಿ." ಶ್ರೀನಾಥ ಮೂರು ವಾರ ನಿದ್ದೆಗೆಟ್ಟು ಹೊತ್ತು ತಂದ ನಿಜವನ್ನು ಒಳ್ಳೆಯ ನಡತೆಯೆಂದು ಮೆಚ್ಚಿಕೊಂಡು ಬದಿಗಿಟ್ಟುಬಿಟ್ಟಿದ್ದರು.

"ಏನಂದ್ರು?" ಎಂದ ಡ್ಯಾರಲ್.

"ಮುಂದಿನ ವರ್ಷವೂ ನಿಮ್ಮದೇ ಬಟಾಣಿ ಅಂದರು." ಡ್ಯಾರಲ್ ಉಸಿರು ಬಿಟ್ಟ ಸದ್ದು ಕೋಣೆಗೆಲ್ಲ ಕೇಳಿಸಿತು. "ನಾನು ಅವರಿಗೆ ಹೇಳಿದ್ದು ಇನ್ನೊಂದಿದೆ ಡ್ಯಾರಲ್. ತಪ್ಪು ನನ್ನದು ಅಂತ ಹೇಳಿದೆ. ಲೋರ್ನಾಳದ್ದಲ್ಲ. ಕಾಳು ಆರಿಸಿದ್ದು ನಾನು."

ಡ್ಯಾರಲ್ ನಕ್ಕು ಅವನ ಬೆನ್ನು ತಟ್ಟಿದ. "ಗೊತ್ತಪ್ಪಾ. ಎಲ್ಲರೂ ಹಾಗೇ ಹೇಳ್ತಾರೆ ಅಂತ ನೀನೇ ಹೇಳಿದ್ಯಲ್ಲ. ಒಳ್ಳೇ ಗೆಳೆಯ ನೀನು."

ಇಲ್ಲಿಗೆ ಸುಮ್ಮನಾಗಬಹುದಿತ್ತು. ವ್ಯಾಪಾರ ಉಳಿದಿತ್ತು, ಕೆಲಸ ಉಳಿದಿತ್ತು, ಹೇಳಬೇಕಾದವರಿಗೆಲ್ಲ ಹೇಳಿಯೂ ಆಗಿತ್ತು. ನಂಬದಿದ್ದರೆ ಅದು ಅವರ ಕರ್ಮ. ಶ್ರೀನಾಥ ಅಷ್ಟನ್ನೂ ಲೆಕ್ಕ ಹಾಕಿದ. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಲೋರ್ನಾ ಬಾರದೆ ಉಳಿದ ಹುಟ್ಟುಹಬ್ಬದಲ್ಲಿ ಒಂದು ಕುರ್ಚಿ ಖಾಲಿಯಿತ್ತು, ಆ ಕುರ್ಚಿಯನ್ನು ಅವನು ಕಂಡವನಲ್ಲ, ಆದರೂ ಅದು ಕಣ್ಣಿಗೆ ಕಟ್ಟಿತು. ಅವನು ಕೂತು, ಸರಕಿನ ಬಟಾಣಿಯಿದ್ದ ತಟ್ಟೆಯನ್ನು ಹತ್ತಿರ ಎಳೆದುಕೊಂಡ. ಬೋಳು ಮೇಜಿನ ಮೇಲೆ ಸುರಿದು ಅಂಗೈಯಿಂದ ಹರಡಿದ. ಬೆರಳುಗಳು ಯಾರ ಅಪ್ಪಣೆಗೂ ಕಾಯಲಿಲ್ಲ. ಬಲಗೈ ಒಳ್ಳೆಯದನ್ನು ಮಡಿಲ ಕಡೆಗೆ ಸಾಲುಸಾಲಾಗಿ ಎಳೆದುಕೊಳ್ಳುತ್ತ, ಎಡಗೈ ಬಿಳಿಚಿದ್ದನ್ನೂ ಹೋಳನ್ನೂ ಅಂಚಿಗೆ ಚಿಮ್ಮುತ್ತ, ಕಣ್ಣು ಒಂದು ಕಾಳು ಮುಂದೆಯೇ ಓಡುತ್ತ, ಅವನ ಸೋದರತ್ತೆಯರು ಮಧ್ಯಾಹ್ನಗಳಲ್ಲಿ ಊರ ಸುದ್ದಿಯೆಲ್ಲ ಹೇಳಿಕೊಳ್ಳುತ್ತ ಕೂತು ಮಾಡುತ್ತಿದ್ದ ಹಾಗೆಯೇ, ಎಲ್ಲ ನಡೆಯಿತು. ಮೇಜಿನ ಮೇಲೆ ಎರಡು ರಾಶಿಯಾದವು. ಶ್ರೀನಾಥ ಒಳ್ಳೆಯ ರಾಶಿಯನ್ನು ಖಾಲಿ ತಟ್ಟೆಗೆ ತುಂಬಿ, ಮಾದರಿಯ ತಟ್ಟೆಯ ಪಕ್ಕಕ್ಕೆ ತಳ್ಳಿದ. ಎರಡಕ್ಕೂ ವ್ಯತ್ಯಾಸವಿರಲಿಲ್ಲ.

ಮೊದಲು ನಗು ಹೋದದ್ದು ಡ್ಯಾರಲ್‌ನ ಮುಖದಿಂದ. ಎಗಾಶಿರಾಸಾನ್ ಟೊಪ್ಪಿಯನ್ನು ಮತ್ತೆ ತಲೆಗಿಟ್ಟುಕೊಂಡರು. ಅವರ ದೃಷ್ಟಿಯಲ್ಲಿದ್ದ ಮೃದುತನ ಸರಿದುಹೋಗಿತ್ತು. ಅವರು ಡ್ಯಾರಲ್‌ನ ಕಡೆ ತಿರುಗಿ, ಈ ಸಲ ನಿಜವಾಗಿಯೇ, ಬಹಳ ಹೊತ್ತು ಬಗ್ಗಿದರು. ಶ್ರೀನಾಥನಿಗೆ, "ಚೆನ್ನಾಗಿರುವುದನ್ನು ನಾವು ಕೇಳಿರಲಿಲ್ಲ. ಇರುವುದನ್ನು ಕೇಳಿದ್ದೆವು" ಎಂದಷ್ಟೇ ಅಂದರು. ಮೊರಿತಾಸಾನ್ ಅವರ ಮುಖ ಸುಣ್ಣ ಬಳಿದಂತಾಗಿತ್ತು. "ಶ್ರೀನಾಥಸಾನ್, ಆಫೀಸಿನಲ್ಲಿ ಮಾತಾಡೋಣ" ಎಂದರು. ಪೂರ್ತಿ ಹೆಸರು ಹಿಡಿದು ಅವರು ಕರೆದದ್ದು ಅದೇ ಮೊದಲು. ಪದ್ಧತಿಯ ತಪ್ಪಿಗೆ ಧಾರಾಳವಾಗಿ ಕ್ಷಮೆ ಸಿಕ್ಕಿತ್ತು, ನಿಜವಾದ ತಪ್ಪನ್ನು ಏನು ಮಾಡಬೇಕೆಂದು ಆ ಕೋಣೆಯಲ್ಲಿ ಯಾರಿಗೂ ತಿಳಿದಂತಿರಲಿಲ್ಲ.

ಡ್ಯಾರಲ್ ಮಾತ್ರ ಜೇಬಿನಿಂದ ಫೋನು ತೆಗೆದು ಲೋರ್ನಾಳ ಹೆಸರನ್ನು ಹುಡುಕಿದ. ಕೆನಡಾದಲ್ಲಿ ಆಗ ಹಿಂದಿನ ದಿನದ ಸಂಜೆ, ಊಟ ಮುಗಿಯುವ ಹೊತ್ತು. "ನಾನು ಮಾಡಿದ್ರೆ ಎತ್ತೋದಿಲ್ಲ ಅವಳು" ಎಂದು ಶ್ರೀನಾಥನ ಫೋನನ್ನು ಕೇಳಿ, ನಂಬರು ನೋಡಿ ಒತ್ತಿ, ಅವನ ಕೈಗೆ ಕೊಟ್ಟ. "ಹೇಳು."

ಎರಡು ಸಲ ರಿಂಗಾದ ಮೇಲೆ ಹೆಣ್ಣು ದನಿಯೊಂದು ಹಲೋ ಎಂದಿತು. ಹಿಂದೆ ಪಾತ್ರೆ ತೊಳೆಯುವ ಸದ್ದು. ಶ್ರೀನಾಥ ಹೆಸರು ಹೇಳಿದ, ಊರು ಹೇಳಿದ, ಮಾಡಿದ್ದನ್ನು ಹೇಳಿದ. ಹೇಳುತ್ತ ಹೇಳುತ್ತ ತಾನು ಫೋನಿಗೆ ಬಗ್ಗುತ್ತಿದ್ದೇನೆಂದು ಅರಿವಾಗಿ ನೆಟ್ಟಗಾದ. ನಲ್ಲಿ ನಿಂತಿತು. "ಎಷ್ಟು ತೆಗೆದ್ರಿ?" ಎಂದು ಲೋರ್ನಾ ಕೇಳಿದಳು. ಒಂದು ಹಿಡಿ ಎಂದ. "ನಾನು ಕಟ್ಟಿದ ಚೀಲ ಸರಿಯಾಗಿತ್ತು?" ಸರಿಯಾಗಿತ್ತು ಎಂದ. ಅವಳು ಅಳುತ್ತಿದ್ದಾಳೆ ಎಂದುಕೊಂಡ, ಆದರೆ ದನಿ ಬಂದಾಗ ಒಣಗಿತ್ತು. "ಸರಿಯಾಗಿತ್ತು ಅಂತ ನನಗೆ ಮೊದಲಿಂದ್ಲೂ ಗೊತ್ತು. ನೀವು ಮಾಡಿದ್ದು ನೀವು ಹೇಳಿದ್ರಿ, ಅದು ಮುಗೀತು. ಆದ್ರೆ ಮೂವತ್ತು ವರ್ಷ ಜೊತೆಗೆ ದುಡಿದವನು ಎಲ್ಲರ ಮುಂದೆ ಹಾಗೆ ಕೇಳಿದ್ನಲ್ಲ, ಅದನ್ನ ಯಾರು ವಾಪಸ್ ತಗೋತಾರೆ? ಆ ಬೀಗದ ಕೈ ಇನ್ಯಾರಿಗಾದ್ರೂ ಕೊಡು ಅಂತ ಹೇಳಿ ಅವನಿಗೆ." ಫೋನು ಕಟ್ಟಾಯಿತು.

ಡ್ಯಾರಲ್ ಮುಂದಕ್ಕೆ ಬಾಗಿದ್ದ. ಅಷ್ಟು ದೊಡ್ಡ ಮನುಷ್ಯ ಅಷ್ಟು ಚಿಕ್ಕ ಕುರ್ಚಿಯ ತುದಿಯಲ್ಲಿ ಕೂತು, ಶಾಲೆಯ ಫಲಿತಾಂಶಕ್ಕೆ ಕಾದ ಹುಡುಗನಂತೆ ಅವನ ಬಾಯನ್ನೇ ನೋಡುತ್ತಿದ್ದ.

"ಏನಂದ್ಲು?"

ಹನ್ನೊಂದು ವರ್ಷಗಳಲ್ಲಿ ಶ್ರೀನಾಥ ಯಾರ ಮಾತನ್ನೂ ಯಾರಿಗೂ ಇದ್ದ ಹಾಗೆ ಮುಟ್ಟಿಸಿದವನಲ್ಲ. ಇಬ್ಬರಿಗೂ ಒಂದೇ ಭಾಷೆ, ಅಣ್ಣ ತಂಗಿ, ನಡುವೆ ತಾನು. ಹೇಳಬಹುದಾದ ಬೇರೆ ಮಾತುಗಳು ಮೂರು ನಾಲ್ಕು ನಾಲಗೆಯ ತುದಿಗೆ ಬಂದವು: ಅವಳಿಗೆ ನೆಮ್ಮದಿಯಾಯಿತು, ಆಮೇಲೆ ಮಾತಾಡುತ್ತಾಳೆ, ಸ್ವಲ್ಪ ದಿನ ಬೇಕು. ಯಾವುದೂ ಪೂರ್ತಿ ಸುಳ್ಳಲ್ಲ. ಅವನು ಅವಳು ಹೇಳಿದ್ದನ್ನೇ, ಅವಳು ಹೇಳಿದ ಕ್ರಮದಲ್ಲೇ, ಬೀಗದ ಕೈಯವರೆಗೆ ಹೇಳಿದ.

ಡ್ಯಾರಲ್ ತಲೆಯಾಡಿಸಿದ. ಮತ್ತೊಮ್ಮೆ ತಲೆಯಾಡಿಸಿದ. ಆಮೇಲೆ ಬಾತ್‌ರೂಮು ಎಲ್ಲಿದೆ ಎಂದು ಕೇಳಿದ. ಶ್ರೀನಾಥ ಎದ್ದು ಅವನನ್ನು ಕರೆದುಕೊಂಡು ಹೋಗಿ ತೋರಿಸಿದ, ಹೊರಗೆ ಗೋಡೆಯ ಪಕ್ಕ ನಿಂತುಕೊಂಡ. ಒಳಗೆ ನೀರು ಬಿಟ್ಟ ಸದ್ದು, ಅದರ ಕೆಳಗೆ ಬಿಕ್ಕುವ ಸದ್ದು. ಒಬ್ಬ ಕೆಲಸದ ಹೆಂಗಸು ಟ್ರೇ ಹಿಡಿದು ಬಂದವಳು ತಾನೂ ಕಾಯುವಂತೆ ನಿಂತು, "ಒಳಗೆ ಯಾರಾದರೂ ಇದ್ದಾರೆಯೆ?" ಎಂದು ಮೆಲ್ಲಗೆ ಕೇಳಿದಳು.

"ಇದ್ದಾರೆ" ಎಂದ ಶ್ರೀನಾಥ, ಇಲ್ಲಿಯವರ ಹಾಗೆ ಕ್ಷಮೆ ಕೇಳುತ್ತ. "ಸುಮಿಮಾಸೆನ್. ಸ್ವಲ್ಪ ಹೊತ್ತಾಗುತ್ತದೆ."